ಕೆಂಪು ಗೆರೆ ಎಳೆದ ಕಾರ್ಡುಗಳು

ನಮ್ಮ ರೇಡಿಯೋ ನಿಲಯದ ಇತಿಹಾಸ ಬರೆದುಕೊಡಿ ಎಂದು ಈಗ ಅಲ್ಲಿ ಕೆಲಸ ಮಾಡುವ ಮೂವರು ಮಕ್ಕಳು ಮನೆಗೆ ಬಂದಿದ್ದರು. ಮಕ್ಕಳು ಎಂದರೆ ಇಪ್ಪತ್ತೈದು ದಾಟಿದವರೇ, ನನಗೆ ಹಾಗೆ ಕಾಣುತ್ತಾರೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಹಾಲಿನಲ್ಲಿ ಕೂತು, ನಾನು ಕೊಟ್ಟ ಖಾರ ಮಂಡಕ್ಕಿ ಮುಗಿಸಿ, ‘ಮೇಡಂ, ಸ್ಟೇಷನ್ ಯಾವಾಗ ಶುರು ಆತು, ಯಾರು ಉದ್ಘಾಟನೆ ಮಾಡಿದ್ರು, ಟವರ್ ಎಷ್ಟು ಎತ್ತರ, ಅದೆಲ್ಲ ಬರ್ಲಿ’ ಅಂದರು. ಅದೆಲ್ಲ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೆತ್ತಿದೆ, ಹೋಗಿ ಓದಿಕೊಳ್ಳಿ ಅಂದೆ. ಅವರು ಮುಖ ಮುಖ ನೋಡಿಕೊಂಡರು. ನಿವೃತ್ತಿಯಾದ ಮೇಲೆ ನನ್ನ ಬಾಯಿ ಇನ್ನಷ್ಟು ಜೋರಾಗಿದೆ ಎಂದು ನಮ್ಮ ಮನೆಯವರೂ ಹೇಳುತ್ತಾರೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಬೇಕಾದದ್ದು ಆ ಕಲ್ಲಿನ ಮೇಲೆ ಇಲ್ಲ. ಆದ್ದರಿಂದ ನನಗೆ ಸಿಕ್ಕ ಬಡ್ತಿ, ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು, ಇವನ್ನೆಲ್ಲ ಬಿಟ್ಟು ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ಅದರಲ್ಲಿ ಒಂದು ತಪ್ಪನ್ನು ಅಂದು ಅಲ್ಲಿದ್ದವರನ್ನು ಬಿಟ್ಟರೆ ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅದಕ್ಕೆ ಬರುವ ಮೊದಲು ನಾವು ಹೇಗಿದ್ದೆವು ಎಂದು ಸ್ವಲ್ಪ ಹೇಳಬೇಕು.

ನಾನು ವಿನೋಬನಗರದಲ್ಲಿ ಬೆಳೆದವಳು. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಯಂತ್ರದ ಸದ್ದಿಗೆ ಅವರ ಕಿವಿ ಮಂದವಾಗಿತ್ತು, ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಧ್ವನಿ ಪರೀಕ್ಷೆಯ ದಿನ ಮೈಕಿನ ಮುಂದೆ ‘ನಮಸ್ಕಾರ’ ಅಂದೆ, ಅಷ್ಟೆ. ಗಾಜಿನ ಆಚೆ ಕೂತಿದ್ದ ತಂತ್ರಜ್ಞ ರಹಮತ್ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು ಎದ್ದು ಬಂದರು.

‘ಅಕ್ಕಾರೆ, ಮೈಕು ಇಲ್ಲೇ ಐತೆ, ಹರಿಹರದಾಗಿಲ್ಲ. ಅದರ ಕಿವ್ಯಾಗ ಗುಟ್ಟು ಹೇಳ್ದಂಗ ಹೇಳ್ರಿ’ ಅಂದರು.

ಉದ್ಘೋಷಕಿಯಾಗಿ ನನಗೆ ಸಿಕ್ಕ ತರಬೇತಿ ಅಷ್ಟೇ. ಮೂವತ್ತು ವರ್ಷ ಅದೇ ಸಾಕಾಯಿತು. ಈಗಿನ ಮಕ್ಕಳು ಮೈಕ್ ಆನ್ ಆದ ಕೂಡಲೇ ಕಾರಣವಿಲ್ಲದೆ ನಗುತ್ತಾರಲ್ಲ, ಅವರಿಗೆ ರಹಮತ್ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಅನೇಕ ಸಲ ಅನ್ನಿಸಿದೆ.

ನಿಲಯದ ಮುಖ್ಯಸ್ಥರು ಶ್ರೀಕಂಠಯ್ಯನವರು. ಮೈಸೂರು ಕಡೆಯವರು, ಇಸ್ತ್ರಿ ಮುರಿಯದ ಬಿಳಿ ಅಂಗಿ, ನಗುವುದನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದರು. ಅವರ ಕೋಣೆಯಲ್ಲಿ ಒಂದು ಸ್ಪೀಕರ್ ಇತ್ತು, ಅದು ಬೆಳಗಿನಿಂದ ಸಂಜೆಯವರೆಗೆ ಆರುತ್ತಿರಲಿಲ್ಲ. ಯಾರು ಎಲ್ಲಿ ತಡವರಿಸಿದರೂ ಮೂರು ಗಂಟೆಯ ಹೊತ್ತಿಗೆ ಒಂದು ಚೀಟಿ ಬರುತ್ತಿತ್ತು. ಬೈಗುಳ ಇರುತ್ತಿರಲಿಲ್ಲ, ಒಂದೇ ಸಾಲು. ತಾವು ಮಾತ್ರ ಒಂದು ದಿನವೂ ಮೈಕಿನ ಮುಂದೆ ಕೂತವರಲ್ಲ. ಯಾಕೆ ಸರ್ ಅಂದರೆ, ‘ನನ್ನ ಧ್ವನಿ ಕಡತಗಳಿಗೆ ಸರಿ, ಜನರಿಗಲ್ಲ’ ಅನ್ನುತ್ತಿದ್ದರು.

ನನಗೆ ಬಂದ ಮೊದಲ ಚೀಟಿಯ ಕಥೆ ಇದು. ಆಗಿನ್ನೂ ಗ್ರಾಮಫೋನ್ ತಟ್ಟೆಗಳ ಕಾಲ ಪೂರ್ತಿ ಮುಗಿದಿರಲಿಲ್ಲ. ದೊಡ್ಡ ತಟ್ಟೆಗೆ ಒಂದು ವೇಗ, ಚಿಕ್ಕದಕ್ಕೆ ಇನ್ನೊಂದು ವೇಗ, ಅದಕ್ಕೆ ಯಂತ್ರದ ಮೇಲೊಂದು ಗುಂಡಿ. ಬೆಳಗಿನ ಭಕ್ತಿಗೀತೆಗೆ ದೊಡ್ಡ ತಟ್ಟೆ ಇಟ್ಟು, ಗುಂಡಿ ತಿರುಗಿಸುವುದನ್ನು ಮರೆತು, ಚಹಾ ಕುಡಿಯಲು ಆಚೆ ಹೋದೆ. ಆ ಗಂಭೀರ ಗಾಯಕರು ಬಾಲವಾಡಿಯ ಮಗುವಿನ ದನಿಯಲ್ಲಿ ಓಡೋಡಿ ಹಾಡಿ ಮುಗಿಸಿದರು. ನಾನು ಬರುವಷ್ಟರಲ್ಲಿ ಡ್ಯೂಟಿ ರೂಮಿನ ಫೋನು ಬಡಿದುಕೊಳ್ಳುತ್ತಿತ್ತು. ಮಧ್ಯಾಹ್ನ ಚೀಟಿ ಬಂತು: ‘ಇಂದು ಬೆಳಿಗ್ಗೆ ಭಕ್ತಿ ಬೇಗ ಮುಗಿಯಿತು.’ ಆ ಚೀಟಿಯನ್ನು ಬಹಳ ದಿನ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ.

ರಹಮತ್ ಕೈಯಲ್ಲಿ ಯಾವಾಗಲೂ ಒಂದು ಬ್ಲೇಡು. ಟೇಪಿನಲ್ಲಿ ನಾನು ಕೆಮ್ಮಿದ ಜಾಗವನ್ನು ಕಿವಿಯಿಂದಲೇ ಗುರುತಿಸಿ, ಅಷ್ಟನ್ನೇ ಕತ್ತರಿಸಿ, ಎರಡು ತುದಿಗಳನ್ನು ಅಂಟಿಸುತ್ತಿದ್ದರು. ಕತ್ತರಿಸಿದ ತುಂಡುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ‘ಇದ್ರಾಗ ನಿಮ್ಮ ಕೆಮ್ಮೇ ಜಾಸ್ತಿ ಐತೆ’ ಎಂದು ಡಬ್ಬಿ ಅಲ್ಲಾಡಿಸಿ ತೋರಿಸುತ್ತಿದ್ದರು. ಆಮೇಲೆ ಸೀಡಿ ಬಂತು, ಅದರ ಹಿಂದೆಯೇ ಕಂಪ್ಯೂಟರ್ ಬಂತು, ಹಾಡು ಎಂಬುದು ಪರದೆಯ ಮೇಲಿನ ಒಂದು ಗೆರೆಯಾಯಿತು. ಫೋನ್ ಇನ್ ಶುರುವಾದಾಗ ಅರ್ಧ ಕಾರ್ಯಕ್ರಮ ‘ನಿಮ್ಮ ರೇಡಿಯೋ ಸಣ್ಣಗೆ ಮಾಡ್ರಿ, ಇಲ್ಲಿ ಎರಡೆರಡು ಸಲ ಕೇಳ್ತೈತೆ’ ಎಂದು ಹೇಳುವುದರಲ್ಲೇ ಕಳೆಯುತ್ತಿತ್ತು. ಈಗ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತಾರೆ. ಅದೂ ಚೆನ್ನಾಗಿದೆ, ನಾನು ಬೇಡ ಅನ್ನುವವಳಲ್ಲ. ಆದರೆ ನನ್ನ ನೆನಪಿನಲ್ಲಿ ನಮ್ಮ ನಿಲಯ ಅಂದರೆ ಕಾರ್ಡುಗಳು.

ನನಗೆ ಕೊಟ್ಟಿದ್ದು ಮಧ್ಯಾಹ್ನದ ಮೆಚ್ಚಿನ ಹಾಡುಗಳ ಕಾರ್ಯಕ್ರಮ. ಜನ ಅಂಚೆ ಕಾರ್ಡಿನಲ್ಲಿ ಹಾಡಿನ ಹೆಸರು ಬರೆದು, ಕೆಳಗೆ ತಮ್ಮ ಹೆಸರು, ಮನೆಯವರ ಹೆಸರು, ಪಕ್ಕದ ಮನೆಯವರ ಹೆಸರು, ಹುಟ್ಟಿ ಎರಡು ದಿನವಾದ ಕೂಸಿಗೆ ಇಡಬೇಕೆಂದಿರುವ ಹೆಸರು, ಎಲ್ಲ ಬರೆಯುತ್ತಿದ್ದರು. ಒಬ್ಬರು ತಮ್ಮ ಜೋಡಿ ಎತ್ತುಗಳ ಹೆಸರನ್ನೂ ಸೇರಿಸಿದ್ದರು, ಗೊತ್ತಿಲ್ಲದೆ ಅವನ್ನೂ ‘ಅವರೇ, ಇವರೇ’ ಎಂದು ಗೌರವದಿಂದ ಓದಿದ್ದೆ. ಹಾಡು ಮೂರು ನಿಮಿಷ, ಹೆಸರು ನಾಲ್ಕು ನಿಮಿಷ. ಜನ ಕಾಯುತ್ತಿದ್ದದ್ದೂ ಹೆಸರಿಗೇ. ದಾವಣಗೆರೆಯವರ ಹೆಸರು ಮೊದಲು ಓದಿದರೆ ಹರಿಹರದವರು ಸಿಟ್ಟಾಗುತ್ತಿದ್ದರು. ಹರಿಹರವನ್ನು ಮೊದಲು ಓದಿದ ದಿನ ನಮ್ಮೂರ ಕೆ.ಬಿ. ಬಡಾವಣೆಯಿಂದ ಒಬ್ಬರು ಫೋನ್ ಮಾಡಿ, ‘ಸ್ಟೇಷನ್ ಹರಿಹರದ ಹೊಳೆ ದಂಡಿಗೆ ಶಿಫ್ಟ್ ಆತೇನ್ರಿ?’ ಎಂದು ಕೇಳಿದ್ದರು.

ಎರಡು ನಿಯಮಗಳಿದ್ದವು. ಹೆಸರು ಮತ್ತು ಊರು ಮಾತ್ರ ಓದಬೇಕು, ಕಾರ್ಡಿನಲ್ಲಿ ಬೇರೆ ಏನು ಬರೆದಿದ್ದರೂ ಓದಬಾರದು. ಹೊತ್ತೂ ಇರುತ್ತಿರಲಿಲ್ಲ, ಪ್ರೇಮಪತ್ರಗಳ ಕಾಟವೂ ಇತ್ತು. ಇನ್ನೊಂದು, ಓದಿದ ಕಾರ್ಡಿಗೆ ಅಡ್ಡಲಾಗಿ ಕೆಂಪು ಗೆರೆ ಎಳೆಯಬೇಕು. ಕೆಂಪು ಗೆರೆ ಬಿದ್ದ ಕಾರ್ಡು ಮತ್ತೆ ಮೈಕಿನ ಮುಂದೆ ಬರಬಾರದು, ಸ್ವಲ್ಪ ದಿನ ಬಿಟ್ಟು ಅದನ್ನು ಹರಿದು ಹಾಕಬೇಕು. ಹರಿಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಜನರ ಹೆಸರಲ್ಲವೇ? ಕಟ್ಟು ಕಟ್ಟಿ ಬೀರುವಿಗೆ ತುಂಬುತ್ತಿದ್ದೆ. ಹಾಗೆಂದು ಅವನ್ನು ಓದುತ್ತಿದ್ದೆ ಅಂದುಕೊಳ್ಳಬೇಡಿ. ಹೆಸರು ಸಿಕ್ಕ ಕೂಡಲೇ ಕಣ್ಣು ಮುಂದಿನ ಕಾರ್ಡಿಗೆ ಹೋಗುತ್ತಿತ್ತು.

ಹರಿಹರದ ಬಸವರಾಜಪ್ಪ ಎಂಬುವರು ವಾರಕ್ಕೊಂದು ಕಾರ್ಡು ತಪ್ಪಿಸುತ್ತಿರಲಿಲ್ಲ. ಅದರಲ್ಲಿ ಎರಡೇ ಹೆಸರು, ಬಸವರಾಜಪ್ಪ ಮತ್ತು ಗಂಗಮ್ಮ. ಯಾವಾಗಲೂ ಒಂದೇ ಹಾಡು. ಹಳೆಯ ಚಿತ್ರಗೀತೆ, ಯಾವುದೆಂದು ಬರೆಯುವುದಿಲ್ಲ, ಅದು ಅವರ ಮನೆಯ ವಿಷಯ. ಕೆಲವು ವಾರ ಆ ಹಾಡು ಹಾಕುತ್ತಿದ್ದೆವು, ಕೆಲವು ವಾರ ಬೇರೆ ಹಾಡಿಗೆ ಅವರ ಹೆಸರು ಸೇರಿಸುತ್ತಿದ್ದೆವು. ಆ ಕಾರ್ಡುಗಳು ಯಾವಾಗ ನಿಂತವೋ ನನಗೆ ತಿಳಿಯಲಿಲ್ಲ. ಅಷ್ಟೊಂದು ಹೆಸರುಗಳಲ್ಲಿ ಒಂದು ಬಾರದಿದ್ದರೆ ಗೊತ್ತಾಗುವುದಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಿಜ.

ಒಂದು ಮಳೆಗಾಲದಲ್ಲಿ ಅಂಚೆಯವರ ಮುಷ್ಕರವಾಯಿತು. ಹತ್ತು ದಿನ ಒಂದು ಕಾರ್ಡೂ ಬರಲಿಲ್ಲ. ಕೈಯಲ್ಲಿದ್ದದ್ದು ಮುಗಿಯಿತು. ಹೆಸರಿಲ್ಲದೆ ಬರೀ ಹಾಡು ಹಾಕಬಹುದಿತ್ತು, ಹಾಕಬೇಕಿತ್ತು. ಆದರೆ ಹೆಸರಿಲ್ಲದ ಕಾರ್ಯಕ್ರಮದಲ್ಲಿ ನನಗೇನು ಕೆಲಸ? ನಾನಾಗ ಕ್ಯಾಶುವಲ್ ಉದ್ಘೋಷಕಿ, ಕರೆದ ದಿನ ಹೋಗಬೇಕು, ಕರೆಯದಿದ್ದರೆ ಯಾಕೆಂದು ಕೇಳುವಂತಿಲ್ಲ. ಬೀರು ತೆಗೆದು ಹಳೆಯ ಕಟ್ಟೊಂದನ್ನು ಎಳೆದುಕೊಂಡೆ. ಎಲ್ಲದರ ಮೇಲೂ ನನ್ನದೇ ಕೆಂಪು ಗೆರೆ. ತಮ್ಮ ಹೆಸರು ಇನ್ನೊಂದು ಸಲ ಕೇಳಿದರೆ ಯಾರಿಗೆ ಬೇಸರ ಎಂದುಕೊಂಡು ಓದಿದೆ. ಅದರಲ್ಲಿ ಹರಿಹರದ ಬಸವರಾಜಪ್ಪ, ಗಂಗಮ್ಮ ಇದ್ದರು. ಅವರು ಕೇಳಿದ ಹಾಡನ್ನೇ ಹಾಕಿದೆ.

ಮರುದಿನ ಬೆಳಿಗ್ಗೆ ಶ್ರೀಕಂಠಯ್ಯನವರ ಕೋಣೆಗೆ ಕರೆ ಬಂತು. ಒಳಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬರು ನಿಂತಿದ್ದರು, ಕೂಡ್ರಿ ಅಂದರೂ ಕೂತಿರಲಿಲ್ಲ. ಬಸವರಾಜಪ್ಪನವರ ತಮ್ಮ ಮಂಜಪ್ಪ ಎಂದು ಗೊತ್ತಾಯಿತು.

‘ನಿನ್ನೆ ನಮ್ಮಣ್ಣನ ಶಿವಗಣಾರಾಧನೆ ಇತ್ರಿ. ತೀರ್ಕೊಂಡು ಹನ್ನೊಂದು ದಿನ. ಮನಿ ತುಂಬ ಜನ ಪಂಕ್ತಿಗೆ ಕುಂತಿದ್ರು. ಎದುರಿಗೆ ಟೈಲರ್ ಅಂಗಡಿ ರೇಡಿಯೋದಾಗ ಅಣ್ಣನ ಹೆಸರು ಬಂತು ನೋಡ್ರಿ, ಉಣ್ಣೋರು ಕೈ ಅಲ್ಲೇ ಬಿಟ್ಟು ಕುಂತ್ರು. ನಮ್ಮತ್ತಿಗಿ ಒಳಗಿಂದ ಓಡಿ ಬೀದಿಗೆ ಬಂದ್ರು. ಸತ್ತೋರ ಹೆಸರು ಹಿಡ್ದು ಆಟ ಆಡ್ತೀರೇನ್ರಿ ನೀವು?’

ಶ್ರೀಕಂಠಯ್ಯನವರು ನನ್ನ ಕಡೆ ನೋಡಿದರು. ‘ಏನಮ್ಮಾ, ಹಳೇ ಕಾರ್ಡ್ ಓದಿದ್ಯಾ?’

ಹೌದು ಅಂದರೆ ನಾಳೆಯಿಂದ ಮೈಕು ಇಲ್ಲ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ‘ಇಲ್ಲ ಸರ್. ಸ್ಟ್ರೈಕ್ ಸಲುವಾಗಿ ಕಾರ್ಡು ತಡ ಆಗಿ ಬಂದೈತೆ’ ಅಂದೆ.

ಮಂಜಪ್ಪನವರ ಸಿಟ್ಟು ಇಳಿದೇ ಹೋಯಿತು. ‘ಹಂಗಾರೆ ಅಣ್ಣನೇ ಹಾಕಿದ್ನಾ? ಲಕ್ವ ಹೊಡದು ಬಲಗೈ ಬಿದ್ದೋಗಿತ್ತಲ್ರೀ. ಎಡಗೈಲಿ ಬರಿಯೋದು ಕಲೀತಿದ್ದ. ಎಡಗೈಲಿ ಬರ್ದಿದ್ನೇನ್ರಿ?’

‘ಅಕ್ಷರ ಸೊಟ್ಟ ಇದ್ವು ರೀ’ ಅಂದೆ.

ಮೊದಲ ಸುಳ್ಳನ್ನು ಹೆದರಿ ಹೇಳಿದೆ ಅನ್ನಬಹುದು. ಎರಡನೆಯದಕ್ಕೆ ಆ ನೆಪವೂ ಇಲ್ಲ. ಅವರು ಟವೆಲಿನಿಂದ ಕಣ್ಣೊರೆಸಿಕೊಂಡು, ತಪ್ಪು ತಿಳ್ಕಬ್ಯಾಡ್ರಿ ಎಂದು ನನಗೇ ಕೈ ಮುಗಿದು ಹೋದರು. ಶ್ರೀಕಂಠಯ್ಯನವರು ಮೇಜಿನ ಮೇಲಿನ ಮುಂದಿನ ಕಡತ ತೆಗೆದರು. ಮೂರು ಗಂಟೆಗೆ ಚೀಟಿಯೂ ಬರಲಿಲ್ಲ. ಪಾರಾದೆ ಎಂದು ಆ ದಿನ ಬೆಣ್ಣೆದೋಸೆ ತಿಂದುಕೊಂಡು ಮನೆಗೆ ಹೋದೆ.

ನಾಲ್ಕು ದಿನ ಕಳೆದು ಡ್ಯೂಟಿ ರೂಮಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಸಣ್ಣ ಆಳು, ಹಣೆಯ ತುಂಬ ವಿಭೂತಿ. ಹರಿಹರದಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ನಾನು ಮಾತಾಡಿದ ಕೂಡಲೇ ಧ್ವನಿ ಹಿಡಿದು, ‘ನೀವೇ ಅಲ್ರೀ ಓದಿದ್ದು?’ ಅಂದರು. ಅವರೇ ಗಂಗಮ್ಮ.

‘ಆ ಕಾರ್ಡೊಂದು ಕೊಡ್ರಿ ಮೇಡಂ. ಒಂದೂವರೆ ವರ್ಷ ಮಾತಿಲ್ಲ, ಕೈ ಇಲ್ಲ ಅವ್ರಿಗೆ. ಸಿಲೇಟು ಹಿಡ್ಕಂಡು ಎಡಗೈಲಿ ಗೀಚ್ತಾ ಕುಂದ್ರೋರು, ಒಂದಕ್ಷರನೂ ಆಗ್ತಿರ್ಲಿಲ್ಲ ಅಂತ ಮಂಜಪ್ಪ ಅಂತಿದ್ದ. ನಂಗಂತೂ ಓದಾಕ ಬರಂಗಿಲ್ಲ. ಈಗ ನೋಡಿದ್ರೆ ನನಗೆ ಗೊತ್ತಿಲ್ಲದಂಗೆ ಕಾರ್ಡು ಬರ್ದು ಹಾಕ್ಯಾರೆ ನೋಡ್ರಿ! ನನ್ನ ಹೆಸರೂ ಬರದಾರಲ್ಲ?’

ಹೇಳುತ್ತಾ ಹೇಳುತ್ತಾ ಅವರು ನಕ್ಕರು. ಗಂಡ ಸತ್ತು ಹದಿನೈದು ದಿನವಾಗಿತ್ತು, ಆ ಮುಖದಲ್ಲಿ ಅಂಥ ನಗು. ಕಾರ್ಡು ಬೀರುವಿನಲ್ಲಿ ಸೇರಿಹೋಗಿದೆ, ಹುಡುಕಿ ನಾನೇ ಹರಿಹರಕ್ಕೆ ತಂದುಕೊಡುತ್ತೇನೆ ಎಂದೆ. ಅಸಲಿ ಕಾರ್ಡು ಕೈಗೆ ಸಿಗುವಲ್ಲಿಯೇ ಇತ್ತು. ಆದರೆ ಅದರಲ್ಲಿ ಗುಂಡನೆಯ ಬಲಗೈ ಅಕ್ಷರ, ಹಳೆಯ ಅಂಚೆ ಮುದ್ರೆ. ಅವರಿಗೆ ಓದಲು ಬಾರದಿದ್ದರೂ ಮೈದುನನಿಗೆ ಬರುತ್ತದೆ.

ಆ ಭಾನುವಾರ ಮಧ್ಯಾಹ್ನ ನಾನು ಮಾಡಿದ್ದು ಇದು. ಹೊಸ ಕಾರ್ಡು ತಂದು, ಎಡಗೈಯಲ್ಲಿ ಪೆನ್ನು ಹಿಡಿದು, ಹಾಡಿನ ಹೆಸರು, ಅವರ ಹೆಸರು, ಗಂಗಮ್ಮನ ಹೆಸರು ಬರೆದೆ. ಮೂರು ಕಾರ್ಡು ಕೆಟ್ಟವು, ನಾಲ್ಕನೆಯದು ಚೆನ್ನಾಗಿ ಸೊಟ್ಟಗಾಯಿತು. ಮಳೆಯಲ್ಲಿ ನೆನೆದಂತೆ ಕಾಣಲೆಂದು ಮುದ್ರೆ ಇರಬೇಕಾದ ಜಾಗದಲ್ಲಿ ನೀರು ಹಚ್ಚಿ ಮಸಿ ತಿಕ್ಕಿದೆ. ಕೊನೆಗೆ ಅಭ್ಯಾಸಬಲದಿಂದ ಕೆಂಪು ಗೆರೆಯನ್ನೂ ಎಳೆದೆ.

ರಹಮತ್‌ಗೆ ಮಾತ್ರ ತೋರಿಸಿದೆ. ಅವರು ಕಾರ್ಡನ್ನು ಮುಟ್ಟಲಿಲ್ಲ. ‘ಅಕ್ಕಾರೆ, ಟೇಪು ನಾನು ಕತ್ತರಿಸಿದ್ರೆ ಎಲ್ಲಿ ಕತ್ತರಿಸೀನಿ ಅಂತ ನಿಮಗೂ ಗೊತ್ತಾಗಲ್ಲ. ಆದ್ರೆ ನನಗೆ ಗೊತ್ತಿರ್ತೈತೆ. ಅದು ಹೋಗಲ್ಲ, ಬ್ಯಾಡ ಬಿಡ್ರಿ’ ಅಂದರು. ನಾನು ಕೇಳಲಿಲ್ಲ. ಆ ಹೆಂಗಸಿಗೆ ಸಮಾಧಾನವಾದರೆ ಸಾಕು, ಯಾರಿಗೆ ನಷ್ಟ ಎಂದು ವಾದಿಸಿದೆ. ನಿಜಕ್ಕೂ ನಾನು ಉಳಿಸಿಕೊಳ್ಳುತ್ತಿದ್ದದ್ದು ನನ್ನ ಮೈಕನ್ನು.

ಗಂಗಮ್ಮನ ಮನೆ ದೇವಸ್ಥಾನದ ಹಿಂದಿನ ಬೀದಿಯಲ್ಲಿತ್ತು. ಒಳಗೆ ಕೂರಿಸಿ ಚಹಾ ಕೊಟ್ಟರು. ಕಾರ್ಡನ್ನು ಎರಡೂ ಕೈಯಲ್ಲಿ ಇಸಕೊಂಡರು. ‘ನನ್ನ ಹೆಸರು ಯಾವ್ದು ತೋರಿಸ್ರಿ’ ಅಂದರು. ತೋರಿಸಿದೆ. ಬೆರಳಿಟ್ಟು ಆ ಸೊಟ್ಟ ಅಕ್ಷರಗಳ ಮೇಲೆ ನಿಧಾನವಾಗಿ ಸವರಿದರು.

‘ಎಷ್ಟು ಕಷ್ಟಪಟ್ಟಾರೆ ನೋಡ್ರಿ, ನನ್ನ ಹೆಸರು ಬರ್ಯಾಕ’ ಅಂದವರೇ ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡರು.

ನನಗೆ ತಡೆಯಲಾಗಲಿಲ್ಲ. ‘ಅಮ್ಮಾ, ಅದು ಅವ್ರು ಬರದಿದ್ದಲ್ಲ. ನಾನು ಬರದಿದ್ದು’ ಅಂದುಬಿಟ್ಟೆ. ಮುಷ್ಕರ, ಹಳೆಯ ಕಟ್ಟು, ಮೈದುನನ ಮುಂದೆ ಹೇಳಿದ ಸುಳ್ಳು, ಎಡಗೈ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವರು ಅಳಲಿಲ್ಲ. ಕಾರ್ಡನ್ನು ನನ್ನ ತೊಡೆಯ ಮೇಲಿಟ್ಟರು. ‘ಇಷ್ಟು ದಿನ ನಾನು ಊರಿಗೆಲ್ಲ ಹೇಳ್ಕಂಡು ತಿರುಗೀನಿ, ನಮ್ಮನೆಯವ್ರು ಎಡಗೈಲಿ ನಂಗೆ ಕಾರ್ಡು ಬರದ್ರು ಅಂತ. ಇನ್ನೊಮ್ಮೆ ಅವ್ರನ್ನ ಕಳಕಂಡಂಗಾತು. ಎದ್ದು ಹೋಗ್ರಿ’ ಅಂದರು.

ಬಸ್ಸಿನಲ್ಲಿ ದಾವಣಗೆರೆ ಬರುವಷ್ಟರಲ್ಲಿ ನಿಶ್ಚಯ ಮಾಡಿದ್ದೆ. ಸೀದಾ ಶ್ರೀಕಂಠಯ್ಯನವರ ಕೋಣೆಗೆ ಹೋಗಿ ಹೇಳಿದೆ. ಅವರು ಸ್ಪೀಕರಿನ ಧ್ವನಿ ತಗ್ಗಿಸಿದರು. ಅದನ್ನು ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

‘ಆ ದಿನ ಅಂಚೆ ಚೀಲ ಬಂದಿಲ್ಲ ಅನ್ನೋದು ನಂಗೆ ಗೊತ್ತಿತ್ತು ಕಣಮ್ಮ. ನೀನಾಗಿ ಬಂದು ಹೇಳ್ತೀಯ ಅಂತ ಕಾದೆ. ಅಲ್ಲೇ ಕೇಳ್ಬೇಕಿತ್ತು. ಆ ಮನುಷ್ಯ ಸುಳ್ಳು ನಂಬಿ ಹೋಗೋದನ್ನ ನಾನೂ ನೋಡ್ಕೊಂಡು ಕೂತಿದ್ದೆ’ ಅಂದರು.

ಮರುದಿನ ನನ್ನ ಕಾರ್ಯಕ್ರಮದ ಹೊತ್ತಿಗೆ ಅವರೇ ಸ್ಟುಡಿಯೋಗೆ ಬಂದು ಕೂತರು. ಮುಷ್ಕರದ ದಿನಗಳಲ್ಲಿ ಹಳೆಯ ಕಾರ್ಡುಗಳನ್ನು ಹೊಸವೆಂಬಂತೆ ಓದಿದ್ದೇವೆ, ಅದರಿಂದ ಹರಿಹರದ ಒಂದು ಮನೆಗೆ ನೋವಾಗಿದೆ, ನಿಲಯ ಕ್ಷಮೆ ಕೇಳುತ್ತದೆ ಎಂದು ಓದಿದರು. ನನ್ನ ಹೆಸರು ಹೇಳಲಿಲ್ಲ. ಧ್ವನಿ ಒರಟಾಗಿತ್ತು, ಎರಡು ಕಡೆ ತಡವರಿಸಿದರು. ನಾನು ಗಾಜಿನ ಆಚೆ ರಹಮತ್ ಪಕ್ಕದಲ್ಲಿ ನಿಂತು ಕಣ್ಣೀರು ಹಾಕಿದೆ. ನನ್ನ ವೃತ್ತಿಯಲ್ಲಿ ನಾನು ಕೇಳಿದ ಅತ್ಯುತ್ತಮ ಉದ್ಘೋಷಣೆ ಅದು ಎಂದು ಈಗಲೂ ಹೇಳುತ್ತೇನೆ.

ಹೊರಗೆ ಬಂದು, ‘ಮೂರು ತಿಂಗಳು ಮೈಕ್ ಮುಟ್ಟಬೇಡ. ಆ ಬೀರು ಖಾಲಿ ಮಾಡು’ ಅಂದರು. ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ, ಅಷ್ಟಕ್ಕೇ ಬಿಟ್ಟರು.

ಕಾರ್ಡುಗಳನ್ನು ಹರಿಯಲು ಕೂತ ನಾನು ಮೊದಲ ಸಲ ಅವನ್ನು ಓದಿದೆ. ಹೆಸರಿನ ಕೆಳಗೆ ಜನ ಏನೇನು ಬರೆದಿದ್ದರು! ಮಗನಿಗೆ ಟೈಫಾಯಿಡ್ ವಾಸಿಯಾಯಿತು ಎಂದು, ಬೋರಿಗೆ ನೀರು ಬಿತ್ತು ಎಂದು, ನಿಮ್ಮ ಗಂಟಲು ನೆಗಡಿಯಾದ ಹಾಗಿತ್ತು ಕಷಾಯ ಕುಡಿಯಿರಿ ಎಂದು. ವರ್ಷಗಟ್ಟಲೆ ನನ್ನೊಡನೆ ಮಾತಾಡಿದ್ದಾರೆ, ನಾನು ಹೆಸರು ಕೂಗಿ ಗೆರೆ ಎಳೆದು ಬೀರುವಿಗೆ ತುರುಕಿದ್ದೇನೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಒಂದೇ ಮಾತು ಹೇಳು ಅಂದರೆ ಇದನ್ನೇ ಹೇಳುತ್ತೇನೆ, ಬಂದದ್ದನ್ನು ಕೊನೆಯವರೆಗೆ ಓದಿ. ಪ್ರಸಾರ ಮಾಡುವುದು ಬಿಡುವುದು ಆಮೇಲಿನದು.

ಬಸವರಾಜಪ್ಪನವರ ಕಾರ್ಡುಗಳು ಒಂದೊಂದಾಗಿ ಸಿಕ್ಕವು. ಅವರೂ ಪ್ರತಿ ಕಾರ್ಡಿನ ಕೆಳಗೆ ಎರಡು ಮೂರು ಸಾಲು ಬರೆದಿದ್ದರು. ಒಂದನ್ನು ಓದಿದೆ, ಎರಡನೆಯದನ್ನು ಓದಿದೆ, ಇವು ಗಂಗಮ್ಮ ಕೇಳಬೇಕಾದವು ಅನ್ನಿಸಿ ಮೂರನೆಯದನ್ನು ಓದದೆ ಎಲ್ಲವನ್ನೂ ದಾರದಲ್ಲಿ ಕಟ್ಟಿದೆ. ಕಚೇರಿಯ ಕಾಗದ ಹೊರಗೆ ಕೊಡಬಹುದೇ ಎಂದು ಶ್ರೀಕಂಠಯ್ಯನವರನ್ನು ಕೇಳಿದೆ. ‘ನಾಶಪಡಿಸಬೇಕಾದ ಕಾಗದ ಅದು. ನಾಶವಾಯಿತು ಅಂತ ರಿಜಿಸ್ಟರ್‌ನಲ್ಲಿ ಬರಿ’ ಅಂದರು. ಹಾಗೇ ಬರೆದು ಹರಿಹರದ ಬಸ್ಸು ಹತ್ತಿದೆ.

ಗಂಗಮ್ಮ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ತಲೆ ಎತ್ತಿ ನೋಡಿದರು.

‘ಮತ್ತೆ ಬಂದ್ರಾ? ಈ ಸಲ ಯಾವ ಕೈಲಿ ಬರಕಂಡು ಬಂದೀರಿ?’

‘ಇವು ಅವ್ರೇ ಬರದಿದ್ದಮ್ಮಾ. ಕೈ ಚೆನ್ನಾಗಿದ್ದಾಗಿನವು.’

‘ನಾನು ಹೆಂಗೆ ನಂಬ್ಲಿ?’

‘ನಂಬಬ್ಯಾಡ್ರಿ. ಕೇಳ್ರಿ ಸಾಕು’ ಅಂದೆ.

ಕೂಡ್ರಿ ಅನ್ನಲಿಲ್ಲ. ಬಿಸಿಲಿನಲ್ಲಿ ನಿಂತೇ ಮೊದಲ ಕಾರ್ಡು ಓದಿದೆ. ‘ಈ ವಾರ ನಮ್ಮ ಮನೆಯ ಬೆಕ್ಕು ಮೂರು ಮರಿ ಹಾಕಿದೆ. ಅಟ್ಟದ ಮೇಲಿನ ಹಳೆಯ ಕಂಬಳಿ ಹಾಳಾಯಿತೆಂದು ಮನೆಯಾಕೆ ಬೈದು, ತಾನೇ ಅವಕ್ಕೆ ಹಾಲು ಇಟ್ಟಳು.’

ಅಕ್ಕಿಯಲ್ಲಿ ಆಡುತ್ತಿದ್ದ ಬೆರಳುಗಳು ನಿಂತವು. ‘ಬೆಕ್ಕು ಎಲ್ಲಾರ ಮನ್ಯಾಗೂ ಮರಿ ಹಾಕ್ತೈತೆ’ ಅಂದರು, ಆದರೆ ಹೋಗ್ರಿ ಅನ್ನಲಿಲ್ಲ.

ಕಟ್ಟಿನಿಂದ ಇನ್ನೊಂದನ್ನು ತೆಗೆದೆ, ನಾನು ಮೊದಲು ಓದಿರದಿದ್ದದ್ದು. ಅದನ್ನು ಓದುವಾಗ ನನಗೆ ರಹಮತ್ ಹೇಳಿಕೊಟ್ಟ ದನಿಯೇ ಬಂತು.

‘ನಾನು ಯಾಕೆ ವಾರವಾರವೂ ಇದೇ ಹಾಡು ಕೇಳುತ್ತೇನೆಂದು ನಿಮಗೆ ಬೇಸರವಾಗಿರಬಹುದು. ಈ ಹಾಡು ಬಂದಾಗ ಮಾತ್ರ ನಮ್ಮ ಮನೆಯಾಕೆ ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಅದರ ಜತೆ ಹಾಡುತ್ತಾಳೆ. ನಾನು ಕೇಳಿಸಿಕೊಳ್ಳುವುದು ಆಕೆಗೆ ಗೊತ್ತಿಲ್ಲ. ಗೊತ್ತಾದರೆ ನಾಚಿ ನಿಲ್ಲಿಸಿಬಿಡುತ್ತಾಳೆ. ಆದ್ದರಿಂದ ದಯವಿಟ್ಟು ಈ ಸಾಲುಗಳನ್ನು ಓದಬೇಡಿ, ಹಾಡು ಮಾತ್ರ ಹಾಕಿ.’

ಓದಿ ಮುಗಿಸಿದ ಮೇಲೆ ಹೆದರಿಕೆಯಾಯಿತು. ಓದಬೇಡಿ ಎಂದು ಅವರು ಬೇಡಿಕೊಂಡದ್ದನ್ನೇ, ಯಾರ ಕಿವಿಗೆ ಬೀಳಬಾರದೋ ಅವರ ಮುಂದೆಯೇ ಓದಿದ್ದೆ. ಗಂಗಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಕಟ್ಟೆಯ ಮೇಲೆ ನನಗೆ ಜಾಗ ಮಾಡಿದರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು, ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

‘ಗೊತ್ತಿಲ್ಲ ಅಂದ್ಕಂಡಿದ್ರಾ ಅವ್ರು?’ ಅಂದರು. ‘ಹಾಡು ಬಂದ ಕೂಡ್ಲೇ ಪಡಸಾಲ್ಯಾಗಿನ ಕುರ್ಚಿ ಅಡುಗಿಮನಿ ಬಾಗ್ಲಿಗೆ ಎಳಕಂತಿದ್ರು ಕಣವ್ವ. ಆ ಸದ್ದು ಕೇಳಿದ ಮ್ಯಾಲೇ ನಾನು ಶುರು ಮಾಡ್ತಿದ್ದೆ.’